ಒಂದು ಡಬ್ಬಿ, ಒಂದು ರೆಜಿಮೆಂಟ್: 1914ರ ಬ್ರಿಟಿಷ್ ಕುದುರೆ ಸವಾರರ ಗೊಂಬೆ ಸೆಟ್

ಹನ್ನೆರಡು ಸವಾರರು, ಹನ್ನೆರಡು ಕುದುರೆ. ಡಬ್ಬಿಯಲ್ಲಿ ಇರುವುದು ಇಷ್ಟೇ. ಅಳತೆ 1/72, ಅಂದರೆ ಆಳು ನಿಂತರೆ ಎರಡೂವರೆ ಸೆಂಟಿಮೀಟರೂ ಇಲ್ಲ. ಬಣ್ಣ ಇಲ್ಲದ ಬೂದು ಪ್ಲಾಸ್ಟಿಕ್, ಬಣ್ಣ ನಾವೇ ಹಚ್ಚಿಕೊಳ್ಳಬೇಕು. ಹೊರದೇಶದಿಂದ ತರಿಸಿದ್ದು. ಸಾಗಣೆ, ಸುಂಕ ಎಲ್ಲ ಸೇರಿ ಬೆಲೆ ಹೆಚ್ಚುಕಮ್ಮಿ ದುಪ್ಪಟ್ಟಾಯಿತು, ಮನೆಯಲ್ಲಿ ಇನ್ನೂ ನಿಜವಾದ ರೇಟು ಹೇಳಿಲ್ಲ.

ಸುಮ್ನೆ ನೋಡೋಣ ಅಂತ ಮೊದಲು ಒಂದೇ ಡಬ್ಬಿ ತರಿಸಿದ್ದೆ. ಈಗ ಮನೆಯಲ್ಲಿ ನಾಲ್ಕಿವೆ. ತಪ್ಪು ನನ್ನದಲ್ಲ, ಲೆಕ್ಕದ್ದು.

1914ರಲ್ಲಿ ಮೊದಲ ಮಹಾಯುದ್ಧಕ್ಕೆ ಹೊರಟ ಬ್ರಿಟಿಷ್ ಕುದುರೆ ರೆಜಿಮೆಂಟಿನಲ್ಲಿ ಕಾಗದದ ಮೇಲೆ 549 ಜನ. ರೆಜಿಮೆಂಟಿಗೆ ಮೂರು ಸ್ಕ್ವಾಡ್ರನ್, ಒಂದೊಂದು ಸ್ಕ್ವಾಡ್ರನ್ನಿಗೆ ನಾಲ್ಕು ಟ್ರೂಪ್, ಅಂದರೆ ಸಣ್ಣ ತುಕಡಿ. ಮೂರು ನಾಲ್ಕಲ ಹನ್ನೆರಡು. ಡಬ್ಬಿಯಲ್ಲೂ ಹನ್ನೆರಡು! ಒಂದು ಗೊಂಬೆಗೆ ಒಂದು ಟ್ರೂಪ್ ಅಂತ ಹಿಡಿದರೆ ಒಂದು ಡಬ್ಬಿಗೆ ಸರಿಯಾಗಿ ಒಂದು ರೆಜಿಮೆಂಟ್. ಮೂರು ರೆಜಿಮೆಂಟ್ ಸೇರಿದರೆ ಒಂದು ಬ್ರಿಗೇಡ್, ಅಂದರೆ ಮೂರು ಡಬ್ಬಿ. ಆ ಆಗಸ್ಟಿನಲ್ಲಿ ಬ್ರಿಟಿಷ್ ಜನರಲ್ ಅಲೆನ್ಬಿ ಫ್ರಾನ್ಸಿಗೆ ಕರೆದುಕೊಂಡು ಹೋದ ಕ್ಯಾವಲ್ರಿ (ಕುದುರೆ ಪಡೆ) ಡಿವಿಷನ್ನಿನಲ್ಲಿ ಇಂಥ ಬ್ರಿಗೇಡ್ ನಾಲ್ಕು. ಹನ್ನೆರಡು ಡಬ್ಬಿ ತಂದರೆ ಇಡೀ ಡಿವಿಷನ್ ಊಟದ ಮೇಜಿನ ಮೇಲೆ ನಿಲ್ಲುತ್ತದೆ. ಮಾಡುತ್ತೇನೆ ಅಂತ ಹೇಳಿಲ್ಲ, ಆಗುತ್ತದೆ ಅಂತ ಹೇಳಿದೆ ಅಷ್ಟೇ.

ಆ ಡಿವಿಷನ್ನಿನ ಲೆಕ್ಕ ನನಗೆ ಬಹಳ ಇಷ್ಟ. ಜನ 9,269, ಕುದುರೆ 9,815. ಸವಾರರಿಗಿಂತ ಕುದುರೆಗಳೇ ಜಾಸ್ತಿ, ಯಾಕೆಂದರೆ ಫಿರಂಗಿ ಎಳೆಯುವುದಕ್ಕೂ ಕುದುರೆ, ಮದ್ದುಗುಂಡಿನ ಗಾಡಿಗೂ ಕುದುರೆ. ಜೊತೆಗೆ 24 ಫಿರಂಗಿ, 24 ಮೆಷಿನ್ ಗನ್. ಇಷ್ಟೆಲ್ಲ ಇದ್ದರೂ ಕಾಲಾಳು ಡಿವಿಷನ್ನಿನ ಸುಮಾರು 18,000 ಜನರ ಮುಂದೆ ಇದು ಅರ್ಧ.

ಇನ್ನು ಗೊಂಬೆಗಳ ವಿಷಯ. ಕುದುರೆಗಳು ಚೆನ್ನಾಗಿವೆ, ನಿಜವಾಗಿಯೂ ಚೆನ್ನಾಗಿವೆ. ಜೀನಿನ ಪಕ್ಕ ಮೇವಿನ ಚೀಲ, ಬಂದೂಕಿನ ಚರ್ಮದ ಒರೆ ಎಲ್ಲ ಬೇರೆ ಬೇರೆಯಾಗಿ ಎದ್ದು ಕಾಣುತ್ತವೆ. ಬಂದೂಕನ್ನು ಮರೆಯದೆ ಇಟ್ಟಿದ್ದಕ್ಕೆ ತಯಾರಿಸಿದವರಿಗೆ ಒಂದು ಅಂಕ ಜಾಸ್ತಿ. ಆಗಿನ ಬ್ರಿಟಿಷ್ ಸವಾರನ ಹತ್ತಿರ ಇದ್ದದ್ದು ಗಿಡ್ಡ ಕಾರ್ಬೈನ್ ಅಲ್ಲ, ಕಾಲಾಳುಗಳು ಹಿಡಿಯುತ್ತಿದ್ದ ಅದೇ ಲೀ-ಎನ್‌ಫೀಲ್ಡ್ ಬಂದೂಕು. ಕತ್ತಿಗಳು ಮಾತ್ರ ಹಾಳು. ಪ್ಲಾಸ್ಟಿಕ್ ಎಷ್ಟು ಮೆತ್ತಗೆ ಅಂದರೆ ನನಗೆ ಬಂದ ಮೊದಲ ಡಬ್ಬಿಯಲ್ಲಿ ಏಳು ಕತ್ತಿ ಹುರುಳಿಕಾಯಿ ತರ ಬಾಗಿದ್ದವು. ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿ. ಬಣ್ಣ ಹಚ್ಚುವ ಮೊದಲು ಸೋಪಿನ ನೀರಿನಲ್ಲಿ ತೊಳೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಮಾರಿದವರಿಗೆ ಬಾಗಿದ ಕತ್ತಿಗಳ ಫೋಟೊ ಕಳಿಸಿದೆ. ಉತ್ತರ ಬರಲಿಲ್ಲ.

ದೊಡ್ಡ ಕೊರತೆ ಬೇರೆಯೇ ಇದೆ. ಹನ್ನೆರಡೂ ಜನ ಕುದುರೆ ಮೇಲೇ ಇದ್ದಾರೆ, ಎಲ್ಲರ ಕೈಯಲ್ಲೂ ಕತ್ತಿ, ಎಲ್ಲರೂ ನುಗ್ಗುತ್ತಲೇ ಇದ್ದಾರೆ. ಆದರೆ ಈ ಸವಾರರು ಎಷ್ಟೋ ಸಲ ಕೆಳಗಿಳಿದೇ ಗುಂಡು ಹಾರಿಸುತ್ತಿದ್ದರು. ಇಳಿದಾಗ ನಾಲ್ವರಲ್ಲಿ ಒಬ್ಬ ಉಳಿದ ಮೂವರ ಕುದುರೆ ಹಿಡಿದು ಹಿಂದೆ ಉಳಿಯಬೇಕು. ಹಾಗಾಗಿ ಇಡೀ ಬ್ರಿಗೇಡ್ ಕೆಳಗಿಳಿದರೂ ಸಾಲಿನಲ್ಲಿ ಸಿಗುವ ಬಂದೂಕು ಒಂದು ಕಾಲಾಳು ಬೆಟಾಲಿಯನ್ನಿಗೂ ಸಾಲುತ್ತಿರಲಿಲ್ಲ. ಮೇಜಿನ ಮೇಲೆ ಮೂರು ಡಬ್ಬಿ ಜೋಡಿಸಿದಾಗ ಕಣ್ಣಿಗೆ ಕಾಣುವ ದರ್ಬಾರಿಗೂ ಅದರ ನಿಜವಾದ ಬಲಕ್ಕೂ ಇರುವ ವ್ಯತ್ಯಾಸ ಇದೇ. ಕುದುರೆ ಹಿಡಿದುಕೊಂಡು ನಿಂತ ಆ ಒಬ್ಬನನ್ನಾದರೂ ಡಬ್ಬಿಯಲ್ಲಿ ಇಡಬಹುದಿತ್ತು ಅಲ್ವಾ? ಮೆಷಿನ್ ಗನ್ ಕೂಡ ಇಲ್ಲ. ರೆಜಿಮೆಂಟಿಗೆ ಎರಡು ಇರುತ್ತಿದ್ದವು.

ಭರ್ಜಿಯೂ ಇಲ್ಲ. ನಾನು ಕಟ್ಟಲು ಹೊರಟಿದ್ದು 2ನೇ ಬ್ರಿಗೇಡ್: 4ನೇ ಡ್ರಗೂನ್ ಗಾರ್ಡ್ಸ್, 9ನೇ ಲ್ಯಾನ್ಸರ್ಸ್, 18ನೇ ಹುಸಾರ್ಸ್, ಮೂರೂ ಕುದುರೆ ರೆಜಿಮೆಂಟುಗಳೇ. 1914ರ ಆಗಸ್ಟ್ 22ರಂದು ಬೆಲ್ಜಿಯಂನ ಮೋನ್ಸ್ ಹತ್ತಿರ ಬ್ರಿಟಿಷರ ಕಡೆಯಿಂದ ಮೊದಲ ಗುಂಡು ಹಾರಿಸಿದ್ದು ಇದೇ 4ನೇ ಡ್ರಗೂನ್ ಗಾರ್ಡ್ಸ್‌ನ ಸವಾರ. ಅವರಿಗೂ ಹುಸಾರರಿಗೂ ಡಬ್ಬಿಯ ಗೊಂಬೆ ಹಾಗೇ ನಡೆಯುತ್ತದೆ. ಲ್ಯಾನ್ಸರ್ಸ್ ಕೈಯಲ್ಲಿ ಭರ್ಜಿ ಇಲ್ಲದಿದ್ದರೆ ಹೇಗೆ? ಒಂಬತ್ತು ಅಡಿ ಭರ್ಜಿ ಈ ಅಳತೆಯಲ್ಲಿ 38 ಮಿಲಿಮೀಟರ್. ತೆಂಗಿನ ಪೊರಕೆ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಹೆರೆದು ಹನ್ನೆರಡು ಮಾಡಿದೆ. ಕತ್ತಿ ಕತ್ತರಿಸಿ, ಮುಷ್ಟಿಗೆ ಸೂಜಿಯಿಂದ ತೂತು ಮಾಡಿ ಸಿಕ್ಕಿಸಿದೆ. ಎರಡು ಭಾನುವಾರ ಹೋಯಿತು, ಬೆರಳಿಗೆ ಎರಡು ಬ್ಯಾಂಡೇಜ್ ಬಂತು.

ನಾಲ್ಕನೇ ಡಬ್ಬಿ ಮೈಸೂರು ಲ್ಯಾನ್ಸರ್ಸ್‌ಗೆ. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕವನ್ನು ನೋಡಿದಾಗಿನಿಂದ ಆಸೆ. 1918ರ ಹೊತ್ತಿಗೆ ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷರ 5ನೇ ಕ್ಯಾವಲ್ರಿ ಡಿವಿಷನ್ ಹೇಗಿತ್ತು ನೋಡಿ: 13 ಮತ್ತು 14ನೇ ಬ್ರಿಗೇಡುಗಳಲ್ಲಿ ಒಂದೊಂದು ಬ್ರಿಟಿಷ್ ಯೋಮನ್ರಿ (ಸ್ವಯಂಸೇವಕ ಸವಾರರ) ರೆಜಿಮೆಂಟ್, ಎರಡೆರಡು ಭಾರತೀಯ ರೆಜಿಮೆಂಟ್. 15ನೆಯದು ಮಾತ್ರ ಪೂರ್ತಿ ಸಂಸ್ಥಾನಗಳದ್ದು. ಜೋಧಪುರ, ಮೈಸೂರು, ಹೈದರಾಬಾದ್, ಮೂರೂ ಲ್ಯಾನ್ಸರ್ಸ್, ಅವರ ಮೇಲೆ ಒಬ್ಬ ಬ್ರಿಟಿಷ್ ಬ್ರಿಗೇಡಿಯರ್. ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿತು, ಜೋಧಪುರದವರು ಊರಿನ ಕಡೆ ನುಗ್ಗಿದರು.

ಡಬ್ಬಿಯ ಸವಾರರ ತಲೆ ಮೇಲೆ ಇರುವುದು ಚಪ್ಪಟೆ ಟೋಪಿ. ಅದನ್ನು ಹೆರೆದು ಎಂ-ಸೀಲ್‌ನಿಂದ ಪೇಟ ಸುತ್ತಿದೆ. ಮೊದಲನೆಯದು ಪೇಟಕ್ಕಿಂತ ಬೋಂಡಾ ತರ ಬಂತು. ನಾಲ್ಕನೆಯದರಿಂದ ಕೈ ಕುದುರಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕುದುರೆಗೆ ನಾಲ್ಕೂವರೆ, ಕತ್ತಿಗೆ ಎರಡೂವರೆ. ತರಿಸುವುದಾದರೆ ಜೊತೆಗೆ ಕೆಳಗಿಳಿದ ಸೈನಿಕರ ಸೆಟ್ ಒಂದನ್ನು ಬೇರೆ ಹುಡುಕಿ ತರಿಸಿ. ಮಳೆಗಾಲದಲ್ಲಿ ಪೇಟದ ಕೆಲಸ ಶುರು ಮಾಡಬೇಡಿ, ನಾನು ಹಚ್ಚಿದ ಬಣ್ಣ ಮೂರು ದಿನವಾದರೂ ಒಣಗಿಲ್ಲ.