ಈಜಿನ ಭುಜನೋವು: ಐಸಾ, ಶಾಖವಾ, ಬ್ಯಾಂಡಾ?

25 ಮೀಟರಿಗೆ 20 ಸಲ ಕೈ ಬೀಸುವವರು 1000 ಮೀಟರ್ ಮುಗಿಸುವಷ್ಟರಲ್ಲಿ ಒಂದೊಂದು ಭುಜವೂ 400 ಸುತ್ತು ತಿರುಗಿರುತ್ತದೆ. ಫ್ರೀಸ್ಟೈಲ್‌ನಲ್ಲಿ (ಬೋರಲಾಗಿ ಒಂದಾದ ಮೇಲೊಂದು ಕೈ ಬೀಸುವ ಈಜು) ನೋವು ಸಾಮಾನ್ಯವಾಗಿ ಭುಜದ ಮುಂಭಾಗದಲ್ಲೋ ತುದಿಯಲ್ಲೋ ಶುರುವಾಗುವುದು ಇದಕ್ಕೇ. ಅದಕ್ಕೆ ಮಾಡುವ ಉಪಾಯಗಳಲ್ಲಿ ಕೆಲವು ನೋವನ್ನು ಸುಮ್ಮನಾಗಿಸುತ್ತವೆ, ಕೆಲವು ನೋವಿನ ಬುಡಕ್ಕೆ ಕೈಹಾಕುತ್ತವೆ.

ಐಸ್ ಮೊದಲ ಗುಂಪಿನದು. ಈಜಿದ ಮೇಲೆ ತೆಳು ಬಟ್ಟೆ ಸುತ್ತಿ 10–15 ನಿಮಿಷ ಇಟ್ಟರೆ ಸಂಜೆ ಹಾಯಾಗಿ ಕಳೆಯುತ್ತದೆ, ಅಷ್ಟೇ. ನೀರಿಗಿಳಿಯುವ ಮುಂಚೆ ಮಾತ್ರ ಬೇಡ. ಮರಗಟ್ಟಿದ ಭುಜ ತಪ್ಪು ಬೀಸಿದರೂ ಹೇಳುವುದಿಲ್ಲ. ಬಿಸಿನೀರಿನ ಚೀಲ ಇದಕ್ಕೆ ತದ್ವಿರುದ್ಧ: ಬಿಗಿದ ಭುಜಕ್ಕೆ ಈಜುವ ಮುಂಚೆ 10 ನಿಮಿಷ ಇಟ್ಟರೆ ಒಳ್ಳೆಯದು, ಊದಿಕೊಂಡು ಬಿಸಿಯಾದ ಕೀಲಿಗೆ ಇಟ್ಟರೆ ರಾತ್ರಿಯೆಲ್ಲ ಸಿಡಿಯುತ್ತದೆ.

ನೋವಿನ ಜೆಲ್ ಮೊಣಕಾಲಿಗೆ ಹೆಚ್ಚು ಹಿಡಿಸುತ್ತದೆ, ಕೀಲು ಚರ್ಮಕ್ಕೆ ಹತ್ತಿರವಲ್ಲವೇ. ಭುಜದಲ್ಲಿ ನೋಯುವ ಜಾಗ ದಪ್ಪ ಸ್ನಾಯುವಿನ ಕೆಳಗಿರುವುದರಿಂದ ಅಷ್ಟು ಗುಣ ಕಾಣುವುದಿಲ್ಲ. ನೋವಿನ ಮಾತ್ರೆ ನುಂಗಿ ಈಜುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಪೂರ್ತಿ ವಿಶ್ರಾಂತಿಯೋ, ಕಡಿಮೆ ಈಜೋ? ಎರಡು ವಾರ ಈಜು ಬಿಟ್ಟರೆ ನೋವು ಇಳಿಯಬಹುದು, ಆದರೆ ಭುಜ ಬಲಗೊಳ್ಳುವುದಿಲ್ಲ. ಮರಳಿದ ಮೇಲೆ ಮೊದಲ ಉದ್ದದ ಈಜಿಗೇ ನೋವು ಹಾಜರಾಗಬಹುದು. ದೂರವನ್ನು ಅರ್ಧಕ್ಕಿಳಿಸಿ, ಉಳಿದರ್ಧ ಅಂಗಾತ ಮಲಗಿ ಕೈಗಳನ್ನು ಪಕ್ಕಕ್ಕಿಟ್ಟು ಕಾಲು ಬಡಿಯುವುದು ಮೇಲು. ನೋವಿಗೆ ಹತ್ತರಲ್ಲಿ ಅಂಕ ಕೊಟ್ಟರೆ ಮೂರರೊಳಗಿದ್ದು, ಬೆಳಗಾಗುವಷ್ಟರಲ್ಲಿ ಇಳಿದರೆ ಸರಿ. ರಾತ್ರಿ ನಿದ್ದೆಗೆಡಿಸುವ ನೋವು, ಕೈ ಎತ್ತಲಾಗದಿರುವುದು, ಬೆರಳವರೆಗೆ ಜುಮ್ಮೆನ್ನುವುದು ಇದ್ದರೆ ಡಾಕ್ಟರ ಹತ್ತಿರ ಹೋಗಿ.

ನಮ್ಮ ಮಟ್ಟಿಗೆ ಗೆದ್ದದ್ದು ವ್ಯಾಯಾಮದ ರಬ್ಬರ್ ಬ್ಯಾಂಡ್, ಎಳೆದರೆ ಹಿಗ್ಗುವ ಉದ್ದನೆಯ ಪಟ್ಟಿ. ಬಾಗಿಲ ಹಿಡಿಗೆ ಸೊಂಟದೆತ್ತರದಲ್ಲಿ ಕಟ್ಟಿ. ನೋಯುವ ಕೈ ಬಾಗಿಲಿನಿಂದ ದೂರದ ಬದಿಗಿರುವಂತೆ ಅಡ್ಡವಾಗಿ ನಿಂತು, ಮೊಣಕೈ 90 ಡಿಗ್ರಿ ಮಡಚಿ, ಮೊಣಕೈಗೂ ಪಕ್ಕೆಲುಬಿಗೂ ನಡುವೆ ಸುರುಳಿ ಸುತ್ತಿದ ಟವೆಲ್ ಸಿಕ್ಕಿಸಿ. ಮುಂಗೈಯನ್ನು ಹೊರಕ್ಕೆ ಎರಡು ಸೆಕೆಂಡಿನಲ್ಲಿ ಎಳೆದು, ನಾಲ್ಕು ಸೆಕೆಂಡಿನಲ್ಲಿ ವಾಪಸ್ ಬಿಡಿ. 15ರಂತೆ ಮೂರು ಸಲ, ವಾರಕ್ಕೆ ಮೂರು ದಿನ. ಟವೆಲ್ ಕೆಳಗೆ ಬಿತ್ತೆಂದರೆ ಮೊಣಕೈ ದೂರ ಹೋಗಿದೆ ಎಂದರ್ಥ; ಭುಜ ಕಿವಿಯತ್ತ ಏರಿದರೆ ಬ್ಯಾಂಡ್ ಬಿಗಿ ಜಾಸ್ತಿ, ಒಂದು ಬಣ್ಣ ಹಗುರಾದದ್ದು (ಬ್ಯಾಂಡಿನ ಬಿಗಿಯನ್ನು ಬಣ್ಣದಿಂದ ಗುರುತಿಸುತ್ತಾರೆ) ತೆಗೆದುಕೊಳ್ಳಿ. ಫಲಕ್ಕೆ ಆರರಿಂದ ಎಂಟು ವಾರ ಬೇಕು. ಬಹಳ ಮಂದಿ ಮೂರನೇ ವಾರಕ್ಕೇ ಕೈಬಿಡುತ್ತಾರೆ.

ಇದರೆದುರು ಸ್ಟ್ರೆಚಿಂಗ್ ಸಪ್ಪೆ. ಎಷ್ಟೋ ಈಜುಗಾರರ ಭುಜ ಮೊದಲೇ ಸಡಿಲ. ಬೇರೆಯವರಿಂದ ಕೈ ಹಿಂದಕ್ಕೆ ಎಳೆಸಿಕೊಂಡರೆ ಇನ್ನಷ್ಟು ಸಡಿಲ.

ಆದರೂ ಕೈ ಬೀಸುವ ರೀತಿ ಕೆಟ್ಟಿದ್ದರೆ ಬ್ಯಾಂಡೂ ಸೋಲುತ್ತದೆ. ಹೆಬ್ಬೆರಳು ಮೊದಲಾಗಿ ನೀರಿಗೆ ಹೋಗುವ ಕೈ ಭುಜವನ್ನು ಒಳಕ್ಕೆ ತಿರುಚುತ್ತದೆ. ಅಂಗೈ ಚಪ್ಪಟೆಯಾಗಿ, ಬೆರಳ ತುದಿ ಮೊದಲು, ಭುಜದ ನೇರಕ್ಕೇ ಇಳಿಯಲಿ, ತಲೆಯ ಮುಂದೆ ಅಡ್ಡ ದಾಟದಿರಲಿ. ನೋವಿರುವಷ್ಟು ದಿನ ಪ್ಯಾಡಲ್ (ಅಂಗೈಗೆ ಕಟ್ಟುವ ಪ್ಲಾಸ್ಟಿಕ್ ಹಲಗೆ) ಬೇಡವೇ ಬೇಡ. ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲುವ ಹಲಗೆ) ನಿರುಪದ್ರವಿಯಂತೆ ಕಾಣುತ್ತದೆ, ಆದರೆ ಕೈ ಚಾಚಿ ಅದರ ಮೇಲೆ ಭಾರ ಹಾಕಿದರೆ ನೋಯುವ ಜಾಗವೇ ಒತ್ತುತ್ತದೆ.

ಬ್ರೆಸ್ಟ್‌ಸ್ಟ್ರೋಕ್‌ನವರ (ಕಪ್ಪೆಯಂತೆ ಈಜುವವರ) ಮೊಣಕಾಲಿನ ಒಳಬದಿಯ ನೋವಿಗೆ ಬ್ಯಾಂಡಿಗಿಂತ ಕಾಲು ಬೀಸುವುದನ್ನು ತಿದ್ದುವುದೇ ಬೇಗ ಫಲ ಕೊಡುತ್ತದೆ: ಮಂಡಿಗಳನ್ನು ಸೊಂಟಕ್ಕಿಂತ ತುಂಬಾ ಅಗಲಿಸಬೇಡಿ, ನೋವು ಇಳಿಯುವವರೆಗೆ ಫ್ರೀಸ್ಟೈಲ್ ಕಿಕ್ ಮಾಡಿ.