ಹಳೇ ಮಾವಿನ ಮರಕ್ಕೆ ಉದ್ದ ಕೋಲಿನ ಗರಗಸ: ಐದು ವರ್ಷ ಬಳಸಿದ ಮೇಲೆ

ಈ ಗರಗಸ ಮನೆಗೆ ಬಂದಿದ್ದು 2020ರ ಜುಲೈನಲ್ಲಿ. ಮೈಸೂರಿನ ನಮ್ಮ ಮನೆ ಹಿತ್ತಲಲ್ಲಿ ಮಾವ 1984ರಲ್ಲಿ ನೆಟ್ಟ ರಸಪುರಿ ಮರ ಇದೆ. ಅದಕ್ಕೋಸ್ಕರವೇ ಕೊಂಡಿದ್ದು. ಅದರ ಹಿಂದಿನ ವರ್ಷ ಮರ ಸವರಲು ಇಬ್ಬರನ್ನು ಕರೆಸಿದ್ದೆವು. ಮಚ್ಚು ಹಿಡಿದು ಹತ್ತಿದವರು ಎರಡೇ ಗಂಟೆಯಲ್ಲಿ ತುದಿಯನ್ನೆಲ್ಲ ಕಡಿದು ಮೊಂಡು ಮಾಡಿದರು. ಸೌದೆಯನ್ನೂ ತಾವೇ ತುಂಬಿಕೊಂಡು ಹೋದರು. "ತಲೆ ಬೋಳಿಸಿಬಿಟ್ರಲ್ಲೇ ಮರಕ್ಕೆ" ಎಂದು ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಡಿದ ಕಡೆಯೆಲ್ಲ ಪೊರಕೆ ಕಡ್ಡಿಯ ಹಾಗೆ ನೆಟ್ಟಗೆ ಚಿಗುರು ಎದ್ದಿತು. ಹಣ್ಣು? ಎರಡು ಬೇಸಿಗೆ ಅಂಗಡಿಯಿಂದಲೇ ತಂದು ತಿಂದೆವು.

ಹಾಗಾಗಿ ನಾವೇ ಮಾಡಿಕೊಳ್ಳೋಣ ಎಂದು ಇದನ್ನು ತಂದೆ. ಆಗ 4,200 ರೂಪಾಯಿ. ಒಂದರೊಳಗೊಂದು ಸೇರುವ ಮೂರು ಅಲ್ಯೂಮಿನಿಯಂ ಕೊಳವೆ, ಪೂರ್ತಿ ಎಳೆದರೆ 14 ಅಡಿ. ತುದಿಯಲ್ಲಿ ಬಾಗಿದ ಗರಗಸ, ಪಕ್ಕದಲ್ಲೇ ಹಗ್ಗ ಎಳೆದರೆ ಕಚಕ್ ಎನ್ನುವ ಕತ್ತರಿ. ಆದರೆ 14 ಅಡಿ ಅನ್ನುವುದು ಹೇಳಿಕೊಳ್ಳಲು ಮಾತ್ರ. ಅಷ್ಟು ಉದ್ದಕ್ಕೆ ಎಳೆದರೆ ತುದಿ ತೊನೆದಾಡುತ್ತದೆ, ಹಲ್ಲು ಒಂದು ಕಡೆ ಕೂರುವುದೇ ಇಲ್ಲ, ಹತ್ತು ನಿಮಿಷಕ್ಕೆ ಕತ್ತು ಹಿಡಿದುಕೊಳ್ಳುತ್ತದೆ. ಹತ್ತು ಅಡಿಗೆ ಇಟ್ಟುಕೊಂಡರೆ ಚೆನ್ನಾಗಿ ಮಾತು ಕೇಳುತ್ತದೆ.

ಇದು ದುಡ್ಡು ದುಡಿದಿದ್ದು ಬಂದಳಿಕೆ ತೆಗೆಯುವುದರಲ್ಲಿ. ಹಳೇ ಮಾವಿನ ಮರ ಇರುವವರಿಗೆ ಗೊತ್ತಿರುತ್ತದೆ. ಮರದ ಮಧ್ಯೆ ಎಲ್ಲೋ ದಪ್ಪ ಎಲೆಯ ಬೇರೆಯದೇ ಗಿಡ ಕಾಣುತ್ತದೆ, ಅದರಲ್ಲಿ ಉದ್ದುದ್ದ ಕೊಳವೆಯಂಥ ಹೂವು. ಹೆಬ್ಬೆರಳಿನಷ್ಟಿರುವ ಒಂದು ಪುಟ್ಟ ಹಕ್ಕಿ ಇದರ ಹಣ್ಣು ತಿಂದು, ಅಂಟಂಟು ಬೀಜವನ್ನು ಪಕ್ಕದ ಕೊಂಬೆಗೆ ಒರೆಸಿ ಹೋಗುತ್ತದೆ. ಅಲ್ಲಿ ಇನ್ನೊಂದು ಹುಟ್ಟುತ್ತದೆ. ಮೊದಲ ವರ್ಷ ನಾನು ಬಂದಳಿಕೆಯ ಸೊಪ್ಪನ್ನಷ್ಟೇ ಕತ್ತರಿಸಿ ಗೆದ್ದೆ ಅಂದುಕೊಂಡಿದ್ದೆ. ನಾಲ್ಕೇ ತಿಂಗಳಲ್ಲಿ ಮತ್ತೆ ಚಿಗುರಿತು. ಅದರ ಬೇರು ಕೊಂಬೆಯ ಒಳಗೇ ಇಳಿದಿರುತ್ತದೆ. ಅಂಟಿರುವ ಗಂಟಿಗಿಂತ ಒಂದಡಿ ಹಿಂದಕ್ಕೆ, ಮಾವಿನ ಕೊಂಬೆಯನ್ನೇ ಸೇರಿಸಿ ಕತ್ತರಿಸಬೇಕು, ಅದೂ ಬಂದಳಿಕೆ ಹಣ್ಣು ಬಿಡುವ ಮೊದಲು. ಐದು ವರ್ಷದಲ್ಲಿ ಹದಿನೇಳು ತೆಗೆದಿದ್ದೇನೆ. ಈಗ ಉಳಿದಿರುವುದು ಎರಡು. ಅವೆರಡೂ ಈ ಗರಗಸಕ್ಕೆ ಎಟುಕದ ಎತ್ತರದಲ್ಲಿವೆ, ಹಕ್ಕಿಗೆ ಮಾತ್ರ ಚೆನ್ನಾಗಿ ಎಟುಕುತ್ತವೆ!

ಇನ್ನು ನನ್ನ ತಪ್ಪು. 2021ರಲ್ಲಿ ತೊಡೆಗಿಂತ ಸ್ವಲ್ಪ ಸಣ್ಣ ಕೊಂಬೆಯೊಂದನ್ನು ಮೇಲಿಂದ ಕೊಯ್ಯತೊಡಗಿದೆ. ಮುಕ್ಕಾಲು ಕೊಯ್ಯುವಷ್ಟರಲ್ಲಿ ಅದು ತನ್ನ ಭಾರಕ್ಕೇ ಮುರಿದು ಜೋತುಬಿತ್ತು. ಬೀಳುವಾಗ ಕಾಂಡದ ತೊಗಟೆಯನ್ನು ಎರಡಡಿ ಸುಲಿದುಕೊಂಡೇ ಬಿತ್ತು. ಆ ಗಾಯ ಇವತ್ತಿಗೂ ಪೂರ್ತಿ ಮುಚ್ಚಿಲ್ಲ. ದಪ್ಪ ಕೊಂಬೆಗೆ ಮೂರು ಏಟು ಬೇಕು: ಬುಡದಿಂದ ಒಂದಡಿ ಆಚೆ ಕೆಳಗಡೆಯಿಂದ ಕಾಲು ಭಾಗ, ಅದಕ್ಕಿಂತ ತುಸು ಮುಂದೆ ಮೇಲಿಂದ ಪೂರ್ತಿ, ಕೊನೆಗೆ ಉಳಿದ ಮೋಟು. ಮೋಟನ್ನೂ ಕಾಂಡಕ್ಕೆ ಒತ್ತಿ ಕೊಯ್ಯಬಾರದು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತದಲ್ಲ, ಅದನ್ನು ಬಿಟ್ಟು ಕೊಯ್ದರೆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ತಮಾಷೆ ಏನೆಂದರೆ ಈ ಗರಗಸ ಎಳೆದರಷ್ಟೇ ಕೊಯ್ಯುತ್ತದೆ. ಕೆಳಗಡೆಯಿಂದ ಕೊಯ್ಯಲು ಹೋದರೆ ಹಲ್ಲು ಕಚ್ಚುವುದೇ ಇಲ್ಲ. ಡಬ್ಬದ ಮೇಲೆ "ನಾಲ್ಕು ಇಂಚಿನವರೆಗೆ" ಎಂದಿದೆ. ನಂಬಬೇಡಿ. ಎರಡು ಇಂಚಿಗಿಂತ ದಪ್ಪದ್ದಕ್ಕೆ ಹಗ್ಗ ಕಟ್ಟಿ ಇಳಿಸಲು ಬರುವವರನ್ನೇ ಕರೆಯಿರಿ, ಮಚ್ಚಿನವರನ್ನಲ್ಲ. ಇಡೀ ಮರ ತೆಗೆಸುವ ಯೋಚನೆ ಇದ್ದರೆ ಇನ್ನೊಂದು ವಿಷಯ. ಮರ ನಿಮ್ಮ ಕಾಂಪೌಂಡಿನೊಳಗೇ ಇದ್ದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಕೆಲವು ಜಾತಿಗೆ ವಿನಾಯಿತಿ ಉಂಟು, ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ.

ನಾನು ಸವರುವುದು ಜೂನ್ ಕೊನೆ ಅಥವಾ ಜುಲೈ, ಕೊಯ್ಲು ಮುಗಿದ ಮೇಲೆ. ಒಮ್ಮೆ ಸೋಮಾರಿತನದಿಂದ ಅಕ್ಟೋಬರಿಗೆ ಹೋಗಿ, ಸವರಿದ ಕಡೆ ಆ ವರ್ಷ ಹೂವೇ ಬರಲಿಲ್ಲ. ಬಲಿತ ರೆಂಬೆಯಲ್ಲಿ ತಾನೇ ಹೂವು ಬರೋದು? ಜುಲೈನಲ್ಲಿ ಮಳೆ ಇರುವುದರಿಂದ ದೊಡ್ಡ ಗಾಯಕ್ಕೆ ಬೂಷ್ಟು ತಡೆಯುವ ಬೋರ್ಡೋ ಮುಲಾಮು ಹಚ್ಚುತ್ತೇನೆ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಬೇಕು, ಕಬ್ಬಿಣದ್ದು ಬೇಡ. ಗರಗಸ ಬಿಚ್ಚಿ ಆ ಜಾಗಕ್ಕೆ ಪೇಂಟ್ ಬ್ರಷ್ ಕಟ್ಟಿದರೆ ಅದೇ ಕೋಲು ಇದಕ್ಕೂ ಆಗುತ್ತದೆ. ಕಂಪನಿಯವರಿಗೆ ಈ ಉಪಯೋಗ ಹೊಳೆದ ಹಾಗಿಲ್ಲ.

ಮುಖದ ಮೇಲೆ ಸೊನೆ ಬೀಳುತ್ತದೆ, ಕನ್ನಡಕ ಮತ್ತು ತುಂಬುತೋಳಿನ ಅಂಗಿ ಇಲ್ಲದೆ ಹೋಗಬೇಡಿ. ಒಂದು ಸಲ ನನ್ನ ಕೆನ್ನೆ ಸುಟ್ಟು ಹದಿನೈದು ದಿನ ಕಪ್ಪು ಕಲೆ ಇತ್ತು. ಕೋಲು ಅಲ್ಯೂಮಿನಿಯಂ ಆದ್ದರಿಂದ ಕರೆಂಟ್ ತಂತಿ ಇರುವ ಕಡೆ ಬೇಡವೇ ಬೇಡ. ನಮ್ಮ ಮರದ ಬೀದಿ ಕಡೆಯ ಭಾಗವನ್ನು ನಾನು ಮುಟ್ಟುವುದೇ ಇಲ್ಲ.

ಬಾಳಿಕೆ ಪರವಾಗಿಲ್ಲ. ಪ್ಲಾಸ್ಟಿಕ್ ಲಾಕ್ ಮೂರನೇ ವರ್ಷ ಒಡೆಯಿತು, ಸೈಕಲ್ ಸೀಟಿನ ಕ್ಲ್ಯಾಂಪ್ ಹಾಕಿಸಿದ್ದೇನೆ, ಮೊದಲಿಗಿಂತ ಗಟ್ಟಿ. ಕತ್ತರಿಯ ಹಗ್ಗ ಎರಡು ಸಲ ಬದಲಾಯಿತು. ಕೆಲಸ ಮುಗಿದ ತಕ್ಷಣ ಸೀಮೆಎಣ್ಣೆ ಬಟ್ಟೆಯಲ್ಲಿ ಸೊನೆ ಒರೆಸದಿದ್ದರೆ ಮುಂದಿನ ವರ್ಷ ಹಲ್ಲು ಮೊಂಡಾಗಿರುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಡಿಮೆ ಮಾಡಿದ್ದರಲ್ಲಿ ಅರ್ಧ ಬ್ಲೇಡಿಗಾಗಿ. ಬೇರೆ ಕಂಪನಿಯದು ಇದಕ್ಕೆ ಕೂರುವುದಿಲ್ಲ, ಇವರದು ಬೇಕೆಂದಾಗ ಸ್ಟಾಕ್ ಇರುವುದಿಲ್ಲ. ಕೊಳ್ಳುವ ದಿನವೇ ಎರಡು ಬ್ಲೇಡ್ ಜಾಸ್ತಿ ತೆಗೆದಿಟ್ಟುಕೊಳ್ಳಿ.