ಐರ್ಲೆಂಡಿನ ಕಾರ್ಕ್ ಸಿಟಿಲಿ ಪ್ರೈವೇಟ್ ಗೈಡ್: ಎಲ್ಲಿ ದುಡ್ಡು ವಸೂಲಾಯ್ತು, ಎಲ್ಲಿ ಬೇಡವಾಗಿತ್ತು

ಮೊದಲೇ ಹೇಳ್ಬಿಡ್ತೀನಿ, ನಾನು ಗೈಡ್ ಇಟ್ಕೊಂಡು ಊರು ನೋಡೋ ಪೈಕಿ ಅಲ್ಲ. ಫೋನಲ್ಲಿ ಮ್ಯಾಪ್ ಇದೆ, ಕಾಲು ಗಟ್ಟಿ ಇದೆ, ಇನ್ನೇನು ಬೇಕು ಅಂತ. ಆದ್ರೆ ಈ ಸಲ ಅಪ್ಪ ಅಮ್ಮ ಜೊತೇಲಿದ್ರು, ಅಮ್ಮಂಗೆ ಮಂಡಿ ನೋವು, ಅಪ್ಪಂಗೆ ಕಂಡಿದ್ದಕ್ಕೆಲ್ಲಾ "ಯಾಕೆ ಹೀಗೆ" ಅಂತ ಕೇಳೋ ಅಭ್ಯಾಸ, ನನ್ನ ಹತ್ರ ಉತ್ತರ ಇರಲ್ಲ. ಡಬ್ಲಿನ್‌ನಲ್ಲಿ ಕೆಲಸ ಮಾಡೋ ತಂಗಿನೇ ಹುಡುಕಿ ಬುಕ್ ಮಾಡಿದ್ಲು. ಮೊದಲ ದಿನ ಅರ್ಧ ದಿನ ಸಿಟಿ ವಾಕ್ 200 ಯೂರೋ, ಮಾರನೇ ದಿನ ಅವರ ಕಾರಲ್ಲೇ ಇಡೀ ದಿನ ಹೊರಗಡೆ 550 ಯೂರೋ. ತಲೆಗಿಷ್ಟು ಅಂತಲ್ಲ, ಎಲ್ರಿಗೂ ಸೇರಿ. ಟಿಕೆಟ್ಟು, ಊಟ ನಮ್ಮದೇ. ಕಮ್ಮಿ ಅಂತೂ ಅಲ್ಲ.

ಡಬ್ಲಿನ್ ಹ್ಯೂಸ್ಟನ್ ಸ್ಟೇಷನ್ನಿಂದ ಟ್ರೇನಲ್ಲಿ ಎರಡೂವರೆ ಗಂಟೆ ಚಿಲ್ರೆ. ಗೈಡ್ ಅರವತ್ತು ದಾಟಿರೋ ರಿಟೈರ್ಡ್ ಮೇಷ್ಟ್ರು, ಹುಟ್ಟಿ ಬೆಳೆದಿದ್ದೆಲ್ಲಾ ಕಾರ್ಕೇ. ಕೊರಳಲ್ಲಿ ಅಲ್ಲಿನ ಸರ್ಕಾರಿ ಟೂರಿಸಂ ಸಂಸ್ಥೆ ಒಪ್ಪಿರೋ ಗೈಡ್ ಬ್ಯಾಡ್ಜ್ ಇತ್ತು, ಬುಕ್ ಮಾಡೋರು ಇದನ್ನ ಕೇಳಿ. ಮೊದಲ ಅರ್ಧ ಗಂಟೆ ಅವರ ಇಂಗ್ಲಿಷ್ ನಮಗೆ ಒಂದಕ್ಷರ ತಲೆಗೆ ಹೋಗ್ಲಿಲ್ಲ, ಆ ಊರಿನ ಮಾತಿಗೆ ಏರಿಳಿಯೋ ಒಂದು ರಾಗ ಇದೆ, ಜೊತೆಗೆ ಮಾತು ಮಾತಿಗೂ "ಬಾಯ್" ಅಂತಾರೆ. ಅಮ್ಮ ಐದೇ ನಿಮಿಷದಲ್ಲಿ ಅರ್ಥ ಮಾಡ್ಕೊಂಡ್ಲು, "ಅದು ನಮ್ಮ ಮಾರಾಯ ಇದ್ದಂಗೆ ಕಣೋ" ಅಂತ. ಕರೆಕ್ಟೇ.

ಸಿಟಿ ವಾಕ್ ಬಗ್ಗೆ. ಕಾರ್ಕ್ ಅನ್ನೋ ಹೆಸರೇ ಐರಿಷ್‌ನಲ್ಲಿ ಜೌಗು ನೆಲ ಅನ್ನೋ ಪದದಿಂದ ಬಂದಿದ್ದಂತೆ. ಲೀ ನದಿ ಎರಡು ಕವಲಾಗಿ ಊರಿನ ಮಧ್ಯಭಾಗನ ದ್ವೀಪ ಮಾಡಿದೆ, ಈಗ ಮೇನ್ ಶಾಪಿಂಗ್ ರೋಡ್ ಆಗಿರೋ ಸೇಂಟ್ ಪ್ಯಾಟ್ರಿಕ್ಸ್ ಸ್ಟ್ರೀಟ್ ಕೂಡ ಒಂದು ಕಾಲದಲ್ಲಿ ನೀರೇ, 18ನೇ ಶತಮಾನದಲ್ಲಿ ಮುಚ್ಚಿದ್ದು, ಅದಕ್ಕೇ ರೋಡು ನೆಟ್ಟಗಿಲ್ಲ ಸೊಟ್ಟಗಿದೆ. ಇದನ್ನ ಓದಿದ್ರೆ ಮರ್ತುಹೋಗುತ್ತೆ, ಆದ್ರೆ ಅವರು ಹಳೇ ಮನೆಗಳ ಮುಂದೆ ನಿಲ್ಲಿಸಿ ಬಾಗಿಲಿಗೆ ಯಾಕೆ ಇಷ್ಟೆತ್ತರ ಮೆಟ್ಟಿಲು ಹೇಳಿ ನೋಡೋಣ ಅಂತ ಅಪ್ಪನ್ನೇ ಕೇಳಿದ್ರು. ದೋಣಿ ಮನೆ ಕೆಳಗೇ ಬಂದು ನಿಲ್ತಿತ್ತು, ಅದಕ್ಕೆ! ಅಪ್ಪ ಕೇಳಿಸ್ಕೊಳ್ಳೋದು ಬಿಟ್ಟು ಉತ್ತರ ಹೇಳೋಕೆ ಶುರು ಮಾಡಿದ್ದು ನಾನು ನೋಡಿದ್ದು ಅವತ್ತೇ.

ಶಾಂಡನ್‌ನ ಸೇಂಟ್ ಆನ್ಸ್ ಚರ್ಚ್ 1722ರದ್ದು, ಗೋಪುರದ ಎರಡು ಗೋಡೆ ಕೆಂಪು, ಎರಡು ಬಿಳಿ. ನಾಲ್ಕು ಕಡೆ ನಾಲ್ಕು ಗಡಿಯಾರ, ಒಂದಕ್ಕೊಂದು ಟೈಮ್ ಹೊಂದಲ್ಲ ಅಂತ ಊರವರು ಅದನ್ನ ನಾಲ್ಕು ಮುಖದ ಸುಳ್ಳುಗಾರ ಅಂತಾರೆ. ತುದಿಗೆ ಹತ್ತೋಕೆ 132 ಮೆಟ್ಟಿಲು, ಅಮ್ಮಂಗೆ ಆಗದ ಮಾತು. ಆದ್ರೆ ಗಂಟೆ ಬಾರ್ಸೋ ಹಗ್ಗ ಇರೋದು ಮೊದಲನೇ ಮಹಡೀಲೇ, ಅಲ್ಲಿವರೆಗೆ ಬನ್ನಿ ಸಾಕು ಅಂತ ಗೈಡ್ ಮೊದಲೇ ಹೇಳಿದ್ರು. ನಂಬರ್ ಬರೆದಿರೋ ಚೀಟಿ ನೋಡ್ಕೊಂಡು ಹಗ್ಗ ಎಳೆದ್ರೆ ಮೇಲೆ ಗಂಟೆ ಹೊಡೆಯುತ್ತೆ. ಅಮ್ಮ ಎಳೆದಿದ್ದು ಇಡೀ ಊರಿಗೆ ಕೇಳಿಸ್ತು, ತಾಳ ತಪ್ಪಿದ್ದೂ ಕೇಳಿಸ್ತು.

ನಂಗೆ ಇಷ್ಟ ಆಗಿದ್ದು ಮಾತ್ರ ನದಿ ಪಕ್ಕ ಗ್ರೆನ್ವಿಲ್ ಪ್ಲೇಸ್‌ನ 5ನೇ ನಂಬರ್ ಮನೆ. ಕಂಪ್ಯೂಟರಿನ ಹೌದು-ಅಲ್ಲ ತರ್ಕಕ್ಕೆ ಬುನಾದಿ ಹಾಕಿದ ಗಣಿತಜ್ಞ ಜಾರ್ಜ್ ಬೂಲ್ ಇದ್ದ ಮನೆ! ಕೋಡಲ್ಲಿ ಇಫ್ ಎಲ್ಸ್ ಬರೆದು ಹೊಟ್ಟೆ ಹೊರೀತಿರೋ ನನಗೆ ಆ ತರ್ಕಕ್ಕಿರೋ ಬೂಲಿಯನ್ ಅನ್ನೋ ಹೆಸರು ಒಬ್ಬ ಮನುಷ್ಯನ ಹೆಸರು ಅಂತ ಗೊತ್ತಿತ್ತು, ಅವನು ಚಪ್ಪಲಿ ಹೊಲಿಯೋರ ಮಗ, ಡಿಗ್ರಿನೇ ಇಲ್ದೆ 1849ರಲ್ಲಿ ಇಲ್ಲಿನ ಕಾಲೇಜಿಗೆ ಗಣಿತದ ಪ್ರೊಫೆಸರ್ ಆಗಿ ಬಂದ ಅಂತ ಗೊತ್ತಿರ್ಲಿಲ್ಲ. ಅವನ ಹೆಂಡ್ತಿ ಎವರೆಸ್ಟ್ ಶಿಖರಕ್ಕೆ ಹೆಸರು ಬಂತಲ್ಲ, ಆ ಜಾರ್ಜ್ ಎವರೆಸ್ಟ್‌ನ ಅಣ್ಣತಮ್ಮಂದಿರ ಕಡೆ ಮಗಳಂತೆ. ಬೂಲ್ 1864ರಲ್ಲಿ ಮಳೇಲಿ ನೆಂದ್ಕೊಂಡೇ ಕ್ಲಾಸಿಗೆ ಹೋಗಿ, ಒದ್ದೆ ಬಟ್ಟೇಲೇ ಪಾಠ ಮಾಡಿ, ಜ್ವರ ಹಿಡಿದು ಸತ್ತ. ಈ ಕಥೆ ಕೇಳೋವಾಗ ನಮ್ಮ ಮೇಲೂ ಮಳೆ ಸುರೀತಿತ್ತು, ಅಮ್ಮ ಸುಮ್ನೆ ನನ್ನ ಜಾಕೆಟ್ಟಿನ ಟೋಪಿ ಎಳೆದು ತಲೆಗೆ ಹಾಕಿದ್ಲು.

ಈಗ ಬೇಜಾರಾಗಿದ್ದು. ಇಂಗ್ಲಿಷ್ ಮಾರ್ಕೆಟ್ 1788ರದ್ದು, ಬಿಲ್ಡಿಂಗ್ ಚೆನ್ನಾಗಿದೆ, ನಾವು ಸಸ್ಯಾಹಾರಿಗಳು ಅಂತ ಮೇಲ್‌ನಲ್ಲೇ ಬರೆದಿದ್ವಿ. ಆದ್ರೂ ಮೀನು, ಮಾಂಸದ ಅಂಗಡಿಗಳ ನಡುವೆ ಮುಕ್ಕಾಲು ಗಂಟೆ. ಡ್ರಿಶೀನ್ ಅಂತ ರಕ್ತದಿಂದ ಮಾಡೋ ಸಾಸೇಜ್ ಕಾರ್ಕಿನ ಹೆಮ್ಮೆಯಂತೆ, ಅದನ್ನ ಹೇಗೆ ಮಾಡ್ತಾರೆ ಅಂತ ಪೂರ್ತಿ ವಿವರಣೆ, ಅಮ್ಮ ಸೆರಗಲ್ಲಿ ಮೂಗು ಮುಚ್ಕೊಂಡು ಚಾವಣಿ ನೋಡ್ತಾ ನಿಂತಿದ್ಲು. ಆಮೇಲೆ ಅವರಿಗೇ ಹೊಳೆದು ಸಾರಿ ಕೇಳಿದ್ರು, ಬ್ರೆಡ್ ಅಂಗಡಿಗೆ ಕರ್ಕೊಂಡ್ ಹೋದ್ರು. ಸ್ಟಾರ್ ಕಟ್ ಮಾಡ್ತಿರೋದು ಇದಕ್ಕೇ.

ಎರಡನೇ ದಿನದ ಪ್ಲಾನ್ ಬ್ಲಾರ್ನಿ ಕೋಟೆ ಮತ್ತೆ ಕಿನ್ಸೇಲ್ ಅನ್ನೋ ಕಡಲ ತೀರದ ಊರು ಇತ್ತು. ಹಿಂದಿನ ದಿನ ಸಿಟಿ ಹಾಲ್ ಮುಂದೆ ಮೇಯರ್ ಆಗಿದ್ದ ಟೆರೆನ್ಸ್ ಮ್ಯಾಕ್ಸ್ವೀನಿ ಪ್ರತಿಮೆ ತೋರಿಸಿ, 1920ರಲ್ಲಿ ಬ್ರಿಟಿಷ್ ಜೈಲಲ್ಲಿ 74 ದಿನ ಉಪವಾಸ ಮಾಡಿ ಸತ್ತವರು ಅಂದಾಗ ಅಪ್ಪ ತಕ್ಷಣ ನಮ್ಮ ಸ್ವಾತಂತ್ರ್ಯ ಹೋರಾಟಗಾರ ಜತೀನ್ ದಾಸ್ ಹೆಸರು ತೆಗೆದ್ರು, ಲಾಹೋರ್ ಜೈಲಲ್ಲಿ 63 ದಿನ. ಗೈಡ್‌ಗೆ ಅದೂ ಗೊತ್ತಿತ್ತು, 1929ರಲ್ಲಿ ಮ್ಯಾಕ್ಸ್ವೀನಿ ಮನೆಯವರು ಇಂಡಿಯಾಗೆ ಸಂತಾಪ ಕಳಿಸಿದ್ರು ಅಂದ್ರು. ಹಾಗೇ ಮಾತಿಗೆ ಮಾತು ಬಂದು ಅಪ್ಪ, ಏರ್ ಇಂಡಿಯಾದ ಕನಿಷ್ಕ ವಿಮಾನ ಸಮುದ್ರಕ್ಕೆ ಬಿದ್ದಿದ್ದು ಈ ಕಡೇನೇ ಅಲ್ವಾ ಅಂತ ಕೇಳಿದ್ರು. ಗೈಡ್ ಹೂಂ ಅಂದು ಸುಮ್ಮನಾದ್ರು. ರಾತ್ರಿ ತಂಗಿ ಫೋನಿಗೆ ಮೆಸೇಜ್, ನಿಮ್ಮ ತಂದೆಗೆ ಇಷ್ಟ ಇದ್ರೆ ನಾಳೆ ಕೋಟೆ ಬಿಟ್ಟು ಆ ವಿಮಾನದವರ ಸ್ಮಾರಕ ಇರೋ ಅಹಕಿಸ್ತಾ ಊರಿಗೆ ಹೋಗೋಣ, ದೂರ ಆಗುತ್ತೆ, ಎಕ್ಸ್ಟ್ರಾ ದುಡ್ಡು ಬೇಡ ಅಂತ.

ಸುಮಾರು 100 ಕಿಲೋಮೀಟರ್, ಕೊನೆಕೊನೆಗೆ ಎದುರಿಂದ ಟ್ರ್ಯಾಕ್ಟರ್ ಬಂದ್ರೆ ರಿವರ್ಸ್ ಹೋಗ್ಬೇಕಾದಷ್ಟು ಸಣ್ಣ ರೋಡು. ಶೀಪ್ಸ್ ಹೆಡ್ ಅನ್ನೋ ಭೂಶಿರದಲ್ಲಿ ಸಮುದ್ರದ ಅಂಚಿಗೇ ಸ್ಮಾರಕ, ಮಧ್ಯ ಒಂದು ಸೂರ್ಯ ಗಡಿಯಾರ. 1985ರ ಜೂನ್ 23, ವಿಮಾನದಲ್ಲಿ ಬಾಂಬ್ ಸಿಡಿದು ಸತ್ತಿದ್ದು 329 ಜನ, ಸಿಕ್ಕಿದ್ದು 131 ದೇಹ ಅಷ್ಟೇ, ಅವನ್ನ ಕಾರ್ಕ್ ಆಸ್ಪತ್ರೆಗೇ ತಂದಿದ್ದು. ಆಗ ಇಪ್ಪತ್ತರ ಹುಡುಗ ನಾನು, ಹೆಲಿಕಾಪ್ಟರ್ ಸದ್ದು ಇನ್ನೂ ನೆನಪಿದೆ ಅಂತ ಗೈಡ್ ಒಂದೇ ಮಾತು ಹೇಳಿ ಕಾರ್ ಹತ್ರ ವಾಪಸ್ ಹೋಗ್ಬಿಟ್ರು. ಹಿಂದಿನ ದಿನ ಬಾಯಿ ಮುಚ್ಚದ ಮನುಷ್ಯ! ಅಮ್ಮ ಕಲ್ಲಿನ ಮೇಲಿನ ಹೆಸರು ಒಂದೊಂದೇ ಓದ್ತಾ ಹೋದ್ಲು, ಒಂದೇ ಮನೆಯವರದ್ದು ಸಾಲಾಗಿ ಬಂದಾಗ ನಿಲ್ಸಿಬಿಟ್ಲು. ಮೋಡ ಇತ್ತು, ಗಡಿಯಾರದ ಮೇಲೆ ನೆರಳೇ ಇರ್ಲಿಲ್ಲ. ನಾವಾಗಿ ಹೊರಡೋವರೆಗೂ ಅವರು ಕರೀಲಿಲ್ಲ, ವಾಚ್ ನೋಡ್ಲಿಲ್ಲ. ಬಸ್ ಟೂರಲ್ಲಿ ಇದು ಸಾಧ್ಯನೇ ಇಲ್ಲ, ಆ 550 ಯೂರೋ ಬಗ್ಗೆ ನಂಗೆ ಒಂಚೂರೂ ಕೊರಗಿಲ್ಲ.

ಆದ್ರೆ ಹತ್ತಿರದ ಬಂದರು ಊರು ಕೋವ್ ನೋಡೋಕೆ ಗೈಡ್‌ಗೆ ದುಡ್ಡು ಹಾಕ್ಬೇಡಿ. ಕಾರ್ಕ್ ಕೆಂಟ್ ಸ್ಟೇಷನ್ನಿಂದ ಅರ್ಧ ಗಂಟೆ ಒಳಗೆ ಟ್ರೇನ್ ತಲುಪಿಸುತ್ತೆ, ಮೂರನೇ ದಿನ ನಾವೇ ಹೋದ್ವಿ. ಟೈಟಾನಿಕ್ 1912ರ ಏಪ್ರಿಲ್ 11ಕ್ಕೆ ಕೊನೇದಾಗಿ ನಿಂತಿದ್ದು ಇಲ್ಲೇ, 123 ಜನ ಹತ್ತಿದ್ರು, ಆಗ ಊರಿನ ಹೆಸರು ಕ್ವೀನ್ಸ್‌ಟೌನ್. ಎಲ್ಲಾ ಬೋರ್ಡಲ್ಲೇ ಬರೆದಿದಾರೆ. ಏರು ಜಾಸ್ತಿ, ಮಂಡಿ ನೋವಿನವರು ಕೆಳಗೇ ಬಂದರಿನ ಪಕ್ಕ ಕೂತಿರಿ.

ವೀಸಾ ಬಗ್ಗೆ ಇಬ್ಬರು ಮೂವರು ಕೇಳಿದ್ರು: ಯೂರೋಪಿನ ಹಲವು ದೇಶಗಳಿಗೆ ಒಂದೇ ಸಾಕಾಗೋ ಷೆಂಗೆನ್ ವೀಸಾ ಐರ್ಲೆಂಡಿಗೆ ನಡೆಯಲ್ಲ, ಬೇರೇದೇ ಬೇಕು. ಗೈಡ್‌ಗೆ ಬರೆಯೋವಾಗ ಮೆಟ್ಟಿಲು ಎಷ್ಟು ಹತ್ತಬಲ್ಲಿರಿ, ಏನು ತಿನ್ನಲ್ಲ ಅನ್ನೋದನ್ನ ಮೇಲ್‌ನಲ್ಲಿ ಬರೆದ್ರೂ ಬೆಳಿಗ್ಗೆ ಎದುರಿಗೆ ಸಿಕ್ಕಾಗ ಇನ್ನೊಂದ್ಸಲ ಬಾಯಿಬಿಟ್ಟು ಹೇಳಿ. ನಾಲ್ಕು ಸ್ಟಾರ್. ಅಪ್ಪನ್ನ ಕೇಳಿದ್ರೆ ಐದು ಅಂತಾರೆ, ಅವರಿಬ್ಬರ ಮೇಲ್ ವ್ಯವಹಾರ ಇನ್ನೂ ನಿಂತಿಲ್ಲ, ಮೊನ್ನೆ ಕೇಳಿರೋದು ಶಾಂಡನ್ ಗೋಪುರದ ತುದೀಲಿ ಗಾಳಿ ದಿಕ್ಕು ತೋರ್ಸೋಕೆ ಕೋಳಿ ಬಿಟ್ಟು ಮೀನು ಯಾಕೆ ಇಟ್ರು ಅಂತ.